ಮೂರು ವಾರದಲ್ಲಿ ಸ್ಪರ್ಧೆ, ಮಗಳ ಕಾಲಿಗಿನ್ನೂ ಬೂಟ್

ಪ್ರಶ್ನೆ: ನಾವು ಮೈಸೂರಿನವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 14 ವರ್ಷ. ಆರನೇ ವಯಸ್ಸಿನಿಂದ ಬ್ಯಾಲೆ ಕಲಿಯುತ್ತಿದ್ದಾಳೆ, ಈಗ ವಾರಕ್ಕೆ ಆರು ದಿನ ಕ್ಲಾಸ್. ನವೆಂಬರ್‌ನಲ್ಲಿ ‘ನಟ್‌ಕ್ರ್ಯಾಕರ್’ ಬ್ಯಾಲೆಯ ರಿಹರ್ಸಲ್ ಹೊತ್ತಿಗೇ ಪಾದ ನೋಯುತ್ತಿತ್ತಂತೆ. ಯಾರಿಗೂ ಹೇಳದೆ ಡಿಸೆಂಬರ್‌ನ ಶೋಗಳನ್ನೆಲ್ಲ ಮುಗಿಸಿದಳು. ಜನವರಿಯಲ್ಲಿ ಎಂಆರ್‌ಐ ಮಾಡಿಸಿದಾಗ ಪಾದದಲ್ಲಿ ಎರಡನೇ ಬೆರಳಿಗೆ ಸೇರುವ ಉದ್ದನೆಯ ಎರಡನೇ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಆಗುವ ಸಣ್ಣ ಬಿರುಕು, ಕಾಣಿಸಿತು. ಪಾದ ಅಲುಗಾಡದಂತೆ ಹಿಡಿಯುವ ಬೂಟ್ ಹಾಕಿ ನಾಲ್ಕು ವಾರ ಆಯಿತು. ಇನ್ನು ಮೂರು ವಾರಕ್ಕೆ ಯೂತ್ ಅಮೆರಿಕ ಗ್ರ್ಯಾನ್ ಪ್ರೀ ಸ್ಪರ್ಧೆಯ ಸೆಮಿಫೈನಲ್. ಡಾಕ್ಟರ್ ಬೇಡ ಅಂತಾರೆ. ಟೀಚರ್ ಮಾತ್ರ, ‘ನಿರ್ಧಾರ ನಿಮ್ಮದು, ಆದರೆ ಜೂನಿಯರ್ ವಿಭಾಗಕ್ಕೆ ಇದೇ ಕೊನೇ ವರ್ಷ’ ಅಂದರು. ಮಗಳು ನೋವೇ ಇಲ್ಲ ಅಂತ ಅಳುತ್ತಾಳೆ. ಇನ್ನೊಂದು ಸಲ ಪೆಟ್ಟಾದರೆ ಬ್ಯಾಲೆ ಬಂದ್ ಎಂದು ನಮ್ಮವರು ಕಳೆದ ವರ್ಷವೇ ಹೇಳಿದ್ದರು, ಈಗ ಅದನ್ನೇ ಹಿಡಿದಿದ್ದಾರೆ. ‘ಭರತನಾಟ್ಯಕ್ಕೆ ಹಾಕಿದ್ದರೆ ಇದೆಲ್ಲ ಇರ್ತಿತ್ತಾ?’ ಎಂದು ಅತ್ತೆ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಮಗಳು ತುಂಬಾ ಶಿಸ್ತಿನವಳು. ಅನ್ನ, ಸಿಹಿ ಎಲ್ಲ ತಾನಾಗಿಯೇ ಬಿಟ್ಟಿದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಡ್ಯಾನ್ಸ್ ಮಾಡುವ ಮಕ್ಕಳಿಗೆ ಅದು ಮಾಮೂಲು ಅಂತ ಸ್ಟುಡಿಯೋದ ಬೇರೆ ಅಮ್ಮಂದಿರು ಹೇಳಿದರು. ಸ್ಪರ್ಧೆಗೆ ಕಳಿಸಲೋ ಬೇಡವೋ?

— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಬೇಡ, ಕಳಿಸಬೇಡಿ.

ನೋವಿಲ್ಲ ಅಂತ ಮಗಳು ಹೇಳುವುದು ನಿಜವೇ ಇರಬಹುದು. ಇಂಥ ಬಿರುಕಿನಲ್ಲಿ ನೋವು ಮೊದಲು ಹೋಗುತ್ತದೆ, ಮೂಳೆ ಆಮೇಲೆ ಕೂಡುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಬೂಟ್ ತೆಗೆದ ದಿನವೇ ಡ್ಯಾನ್ಸ್ ಶುರು ಅಂತಲೂ ಅಲ್ಲ. ಮೊದಲು ನೋವಿಲ್ಲದೆ ನಡೆಯಬೇಕು. ಆಮೇಲೆ ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಬೇಕು, ಮುಂದೆ ಒಂದೇ ಕಾಲಲ್ಲಿ, ಅದಾದ ಮೇಲೆ ಸಣ್ಣ ಜಿಗಿತ. ಪಾಯಿಂಟ್ ಶೂ ಎಲ್ಲಕ್ಕಿಂತ ಕೊನೆಗೆ. ಬೆರಳ ತುದಿಯಲ್ಲಿ ನಿಂತಾಗ ಮೈಭಾರವೆಲ್ಲ ಬೀಳುವುದು ಆ ಉದ್ದನೆಯ ತೆಳು ಮೂಳೆಗಳ ಮೇಲೆ. ಬ್ಯಾಲೆಯವರಲ್ಲಿ ಎರಡನೇ ಮೂಳೆಗೇ ಹೆಚ್ಚಾಗಿ ಬಿರುಕು ಬರುವುದು ಅದಕ್ಕೇ. ಮೂರು ವಾರದಲ್ಲಿ ಇಷ್ಟೆಲ್ಲ ಆಗುವ ಮಾತಲ್ಲ. ಅವಸರ ಮಾಡಿ ಬಿರುಕು ದೊಡ್ಡದಾದರೆ ಈ ವರ್ಷದ ಬೇಸಿಗೆ ಕ್ಯಾಂಪ್‌ಗಳೂ ಹೋದವು ಅಂತಲೇ.

ಸ್ಪರ್ಧೆಯ ವಿಷಯ ಇಷ್ಟೇ. ನನಗೆ ನಿಜವಾಗಿ ಚಿಂತೆಯಾದದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತು. ಅನ್ನ ಬಿಟ್ಟಿದ್ದಾಳೆ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಮೂಳೆಯಲ್ಲಿ ಬಿರುಕು. ಇವು ಮೂರು ಬೇರೆ ಬೇರೆ ಸುದ್ದಿ ಅಂತ ನೀವು ಬರೆದಿದ್ದೀರಿ. ನನಗೆ ಒಂದೇ ಸುದ್ದಿ ಅನ್ನಿಸುತ್ತಿದೆ.

ದಿನಕ್ಕೆ ಮೂರು ನಾಲ್ಕು ಗಂಟೆ ಡ್ಯಾನ್ಸ್ ಮಾಡುವ, ಇನ್ನೂ ಬೆಳೆಯುತ್ತಿರುವ ಹುಡುಗಿ ಸಾಕಷ್ಟು ತಿನ್ನದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಹಬ್ಬದ ಖರ್ಚು ನಿಲ್ಲಿಸುತ್ತೇವಲ್ಲ, ಹಾಗೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಅದರ ಜೊತೆಗೆ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಈಸ್ಟ್ರೋಜನ್ ಇಳಿದರೆ ಮೂಳೆ ಸೊರಗುತ್ತದೆ. ಅದೂ ಯಾವ ವಯಸ್ಸಿನಲ್ಲಿ? ಜೀವಮಾನಕ್ಕೆ ಬೇಕಾದ ಮೂಳೆಯ ದೊಡ್ಡ ಪಾಲು ಕಟ್ಟಿಕೊಳ್ಳುವ ವಯಸ್ಸಿನಲ್ಲಿ. ಕ್ರೀಡಾಪಟುಗಳಲ್ಲಿ ಕಾಣುವ ಈ ತೊಂದರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ‘ರೆಡ್-ಎಸ್’ ಅಂತ ಹೆಸರನ್ನೂ ಕೊಟ್ಟಿದೆ. ಇದು ಗಂಡುಮಕ್ಕಳಿಗೂ ಬರುತ್ತದೆ, ಅವರಲ್ಲಿ ಮುಟ್ಟಿನಂಥ ಎಚ್ಚರಿಕೆ ಇಲ್ಲ ಅಷ್ಟೇ.

ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹಿಂದೆ ಮುಂದೆ ಆಗುವುದುಂಟು, ನಿಜ. ಆದರೆ ಮೂರು ತಿಂಗಳು ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಥೈರಾಯ್ಡ್‌ನಂಥ ಬೇರೆ ಕಾರಣವೂ ಇರಬಹುದು. ಸ್ಟುಡಿಯೋ ಹೊರಗೆ ಕಾಯುತ್ತಾ ಕೂರುವ ಅಮ್ಮಂದಿರು ಮಾಮೂಲು ಅಂದರಲ್ಲ, ಬಹಳ ಮಕ್ಕಳಿಗೆ ಆಗುತ್ತದೆ ಅನ್ನುವುದು ನಿಜವಿರಬಹುದು. ಹಾಗಂತ ಅದು ಸರಿ ಅಂತ ಆಗುವುದಿಲ್ಲ.

ಕಾಲಿನ ಡಾಕ್ಟರ್ ಕಾಲನ್ನಷ್ಟೇ ನೋಡಿದ್ದಾರೆ. ನೀವು ಈ ವಾರವೇ ಅವಳ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ, ಬಿರುಕು, ಊಟ, ಮುಟ್ಟು ಮೂರನ್ನೂ ಒಟ್ಟಿಗೆ ಹೇಳಿ. ವಿಟಮಿನ್ ಡಿ, ಕಬ್ಬಿಣ, ಹಾರ್ಮೋನ್ ಪರೀಕ್ಷೆ ಕೇಳಿ. ಚಳಿಗಾಲ, ದಿನವಿಡೀ ಮುಚ್ಚಿದ ಸ್ಟುಡಿಯೋ, ಜೊತೆಗೆ ನಮ್ಮ ಮೈಬಣ್ಣ. ಅಲ್ಲಿರುವ ನಮ್ಮ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಅಪರೂಪವೇನಲ್ಲ. ಕ್ರೀಡಾಪಟುಗಳನ್ನು ನೋಡುವ ಆಹಾರ ತಜ್ಞರು ಸಿಕ್ಕರೆ ಇನ್ನೂ ಒಳ್ಳೆಯದು. ನೀವಿರುವಲ್ಲಿಂದ ನ್ಯೂಯಾರ್ಕ್ ದೂರವಲ್ಲ. ಅಲ್ಲಿ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯ ಹಾರ್ಕ್‌ನೆಸ್ ಸೆಂಟರ್ ಇದೆ, ಡ್ಯಾನ್ಸರ್‌ಗಳ ಪೆಟ್ಟುಗಳನ್ನು ನೋಡುವುದೇ ಅವರ ಕೆಲಸ. ‘ಡ್ಯಾನ್ಸ್ ಬಿಡು’ ಅನ್ನುವುದಕ್ಕಿಂತ ‘ಹೀಗೆ ವಾಪಸ್ ಬಾ’ ಅನ್ನುವವರ ಮಾತನ್ನು ಮಗಳು ಕೇಳುತ್ತಾಳೆ.

ಮನೆಯಲ್ಲಿ ‘ತಿನ್ನು ತಿನ್ನು’ ಅಂತ ಬೆನ್ನು ಹತ್ತಬೇಡಿ. ತೂಕದ ಮಾತು ಬೇಡವೇ ಬೇಡ, ಹೊಗಳಿಕೆಯಲ್ಲೂ ಬೇಡ. ‘ಎಷ್ಟು ಸಣ್ಣಗಾಗಿದ್ದೀಯ’ ಅಂತ ನೆಂಟರು ಮೆಚ್ಚಿದರೆ ಮಾತು ಬದಲಿಸಿ. ಎಲ್ಲರೂ ಒಟ್ಟಿಗೆ ಕೂತು ಅನ್ನ, ಹುಳಿ, ಮೊಸರು ಊಟ ಮಾಡಿ, ಅವಳಿಗೂ ಅದನ್ನೇ ಬಡಿಸಿ. ಕ್ಲಾಸಿನಿಂದ ಬಂದ ತಕ್ಷಣ ರಾಗಿ ದೋಸೆಯೋ ಅವಲಕ್ಕಿಯೋ ಏನಾದರೂ ಸಿದ್ಧವಿರಲಿ. ಊಟ ಬಚ್ಚಿಡುವುದು, ಬಾತ್‌ರೂಮಿಗೆ ಓಡುವುದು, ಅನ್ನ ಕಂಡರೆ ಹೆದರುವುದು ಕಂಡರೆ ಇದು ಅಡುಗೆಮನೆಯಲ್ಲಿ ಬಗೆಹರಿಯುವ ವಿಷಯವಲ್ಲ. ತಡ ಮಾಡದೆ ಮಾನಸಿಕ ತಜ್ಞರ ಹತ್ತಿರ ಹೋಗಿ.

ಇನ್ನು ನಿಮ್ಮ ಯಜಮಾನರು. ಅವರ ಸಂಕಟ ಅರ್ಥವಾಗುತ್ತದೆ. ಒಂದು ಜೊತೆ ಪಾಯಿಂಟ್ ಶೂಗೇ ನೂರು ಡಾಲರ್ ಆಸುಪಾಸು, ಅದು ಕೆಲವೇ ವಾರಕ್ಕೆ ಮೆತ್ತಗಾಗುತ್ತದೆ. ಮೇಲೆ ಕೋಚಿಂಗ್, ಎಂಟ್ರಿ ಫೀಸ್, ಬ್ಯಾಲೆಯ ಟುಟು ಲಂಗ. ಇಷ್ಟೆಲ್ಲ ಖರ್ಚು ಮಾಡಿ ಮಗಳನ್ನು ಬೂಟ್‌ನಲ್ಲಿ ನೋಡಿದರೆ ಯಾರಿಗೂ ಸಿಟ್ಟು ಬರುತ್ತದೆ. ಆದರೆ ಮಗಳ ಕಡೆಯಿಂದ ನೋಡಿ. ನೋವು ಅಂತ ಟೀಚರಿಗೆ ಹೇಳಿದರೆ ನಟ್‌ಕ್ರ್ಯಾಕರ್‌ನ ಪಾತ್ರ ಬೇರೆಯವರಿಗೆ. ಅಪ್ಪನಿಗೆ ಹೇಳಿದರೆ ಬ್ಯಾಲೆನೇ ಬಂದ್. ಪಾಪ, ಬಾಯಿ ಮುಚ್ಚಿಕೊಳ್ಳದೆ ಏನು ಮಾಡುತ್ತಾಳೆ? ಶುರುವಿನಲ್ಲೇ ಹೇಳಿದ್ದರೆ ಬಹುಶಃ ಕೆಲವು ವಾರ ಜಿಗಿತ ಬಿಟ್ಟರೆ ಸಾಕಾಗುತ್ತಿತ್ತು. ‘ನೋವು ಹೇಳಿದರೆ ಆ ವಾರದ ಕ್ಲಾಸ್ ಹೋಗಬಹುದು, ಬ್ಯಾಲೆ ಹೋಗಲ್ಲ’ ಅನ್ನುವ ಮಾತು ಅಪ್ಪನ ಬಾಯಿಂದಲೇ ಬರಬೇಕು. ನೀವು ಹೇಳಿದರೆ ಅವಳು ನಂಬುವುದಿಲ್ಲ.

ಅವಳಿಗೆ ಅಮೆರಿಕದ ಬ್ಯಾಲೆ ನರ್ತಕಿ ಮಿಸ್ಟಿ ಕೋಪ್ಲೆಂಡ್ ಗೊತ್ತೇ ಇರುತ್ತಾರೆ. 13ನೇ ವಯಸ್ಸಿಗೆ ಬ್ಯಾಲೆ ಶುರು ಮಾಡಿದವರು, 2012ರಲ್ಲಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಹಲವು ಬಿರುಕುಗಳಾಗಿ ಆಪರೇಷನ್ ಆಯಿತು, 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಿನ್ಸಿಪಲ್, ಅಂದರೆ ಮುಖ್ಯ ನರ್ತಕಿ, ಆದರು. ಬಿರುಕು ಬಂದರೆ ಎಲ್ಲ ಮುಗಿಯಿತು ಅಂತಲ್ಲ ಅನ್ನುವುದಕ್ಕೆ ಈ ಕಥೆ ಸಾಕು. ಆದರೆ ಅವರೂ ನೋವಿನಲ್ಲೇ ವೇದಿಕೆ ಹತ್ತಿದವರು. ಮಕ್ಕಳು ಮೆಚ್ಚಿಕೊಳ್ಳುವುದು ಆ ಭಾಗವನ್ನೇ, ಸ್ವಲ್ಪ ನೋಡಿಕೊಂಡು ಹೇಳಿ.

ಜೂನಿಯರ್ ವಿಭಾಗದ ಕೊನೇ ವರ್ಷ ಅನ್ನುವುದು ಸುಳ್ಳಲ್ಲ. 15 ತುಂಬಿದರೆ ಸೀನಿಯರ್, ಅಲ್ಲಿ ಪೈಪೋಟಿ ಜಾಸ್ತಿ. ಆದರೆ ಸ್ವಿಟ್ಜರ್ಲೆಂಡಿನ ಪ್ರೀ ದ ಲೋಸಾನ್‌ನಂಥ ದೊಡ್ಡ ಸ್ಪರ್ಧೆ ಶುರುವಾಗುವುದೇ 15ಕ್ಕೆ. ಅಲ್ಲಿ ವೇದಿಕೆಯ ಎರಡು ನಿಮಿಷದ ಸೋಲೋ ಜೊತೆಗೆ ಕ್ಲಾಸಿನಲ್ಲಿ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನೂ ತೀರ್ಪುಗಾರರು ನೋಡುತ್ತಾರೆ. ಬಾಗಿಲೇನೂ ಮುಚ್ಚಿಲ್ಲ. ಹಾಗಂತ ಮಗಳಿಗೆ ಇವತ್ತೇ ಇದನ್ನೆಲ್ಲ ವಿವರಿಸಬೇಡಿ. ವರ್ಷವಿಡೀ ಕಲಿತ ಸೋಲೋ ಹೋಯಿತಲ್ಲ ಅಂತ ಅವಳು ಅಳಲಿ.

ಅತ್ತೆಯವರಿಗೆ ಉತ್ತರ ಕೊಡುತ್ತಾ ಸಮಯ ಹಾಳು ಮಾಡಬೇಡಿ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ವರ್ಷಗಟ್ಟಲೆ ತಟ್ಟುವ ಭರತನಾಟ್ಯದ ಮಕ್ಕಳಿಗೂ ಮಂಡಿ, ಪಾದ, ಸೊಂಟ ನೋಯುತ್ತದೆ. ರಂಗಪ್ರವೇಶದ ಮುಂಚಿನ ತಿಂಗಳುಗಳಲ್ಲಿ ನೋವು ನುಂಗುವ ಮಕ್ಕಳು ಮೈಸೂರಿನಲ್ಲೂ ಇದ್ದಾರೆ.

ಟೀಚರಿಗೆ ಡಾಕ್ಟರ್ ಚೀಟಿಯ ಜೊತೆ ಒಂದು ಇಮೇಲ್ ಕಳಿಸಿ. ಈ ವರ್ಷ ಸ್ಪರ್ಧೆ ಇಲ್ಲ ಅಂತ ನೀವೇ ಬರೆಯಿರಿ, ಮಗಳ ಬಾಯಲ್ಲಿ ಹೇಳಿಸಬೇಡಿ. ಕ್ಲಾಸಿಗೆ ಬಂದು ಕೂತು ನೋಡಬಹುದೇ, ಫಿಸಿಯೋ ಒಪ್ಪಿದರೆ ನೆಲದ ಮೇಲಿನ ವ್ಯಾಯಾಮ, ಕೈಗಳ ಅಭ್ಯಾಸ ಮಾಡಬಹುದೇ ಅಂತ ಕೇಳಿ. ವಾಪಸ್ ಬಂದ ಮೇಲೆ ಯಾವ ವಾರ ಏನು ಶುರು ಮಾಡಬೇಕು ಅನ್ನುವುದನ್ನು ಫಿಸಿಯೋ ಹತ್ತಿರ ಬರೆಸಿಕೊಂಡು ಕೊಡಿ. ಆ ಚೀಟಿ ಓದಿ ಅದರಂತೆ ಕ್ಲಾಸ್ ಬದಲಿಸುವ ಟೀಚರ್ ಆದರೆ ಅಲ್ಲೇ ಮುಂದುವರಿಸಿ. ಇದೆಲ್ಲ ನಮ್ಮಲ್ಲಿ ನಡೆಯಲ್ಲ ಅನ್ನುವ ಉತ್ತರ ಬಂದರೆ ಮುಂದಿನ ಟರ್ಮಿನ ಫೀಸ್ ಕಟ್ಟುವ ಮೊದಲು ಬೇರೆ ಸ್ಟುಡಿಯೋ ನೋಡಿ.