ಸೂರಕ್ಕಿ ಫೋಟೊದಲ್ಲಿ ಕಪ್ಪಗೆ ಬರುವುದೇಕೆ?

ಪ್ರಶ್ನೆ: ಅಂಗಳದ ಹೂಗಿಡಕ್ಕೆ ನೇರಳೆ ಸೂರಕ್ಕಿ ಬರುತ್ತದೆ. ಕಣ್ಣಿಗೆ ನೀಲಿ, ನೇರಳೆಯಾಗಿ ಮಿರುಗುವ ಗಂಡು ಹಕ್ಕಿ 300 ಮಿ.ಮೀ. ಲೆನ್ಸ್‌ನಲ್ಲಿ ಬರೀ ಕಪ್ಪಾಗಿ ಮೂಡುತ್ತದೆ, ಕೊಕ್ಕೂ ಮಸುಕು. ಈಚೆಗೆ ಎದೆಯ ಮೇಲೆ ಕಪ್ಪು ಗೆರೆಯಿರುವ ಹಳದಿ ಹಕ್ಕಿಯೊಂದು ಬರುತ್ತಿದೆ. ಅದು ಬೇರೆ ಜಾತಿಯೇ?

ಉತ್ತರ: ಕ್ಯಾಮೆರಾ ಬದಲಿಸುವ ಯೋಚನೆ ಬೇಡ, ನಿಲ್ಲುವ ಜಾಗ ಬದಲಿಸಿ. ಗರಿಯಲ್ಲಿ ನೀಲಿ ಬಣ್ಣವೆಂಬುದೇ ಇಲ್ಲ. ಗರಿಯ ಅತಿಸೂಕ್ಷ್ಮ ಎಳೆಗಳೊಳಗೆ ಪದರಪದರವಾಗಿ ಕೂತ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕಣಗಳು ಬೆಳಕನ್ನು ಪ್ರತಿಫಲಿಸಿದಾಗ ಆ ಹೊಳಪು ಹುಟ್ಟುತ್ತದೆ. ಕೋನ ತಪ್ಪಿದರೆ ಉಳಿಯುವುದು ಮೆಲನಿನ್‌ನ ಕಪ್ಪು ಮಾತ್ರ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಬೆಳಗಿನ ಓರೆ ಬಿಸಿಲು ಒಳ್ಳೆಯದು. ನಡುಹಗಲಲ್ಲಿ ನೆತ್ತಿ ಮಿಂಚಿ ಎದೆ ಕತ್ತಲಾಗುತ್ತದೆ. ಹಕ್ಕಿ ಕತ್ತು ಹೊರಳಿಸಿದಾಗ ಹೊಳಪು ಕ್ಷಣಕಾಲ ಬಂದು ಹೋಗುವುದರಿಂದ ಒಂದೊಂದೇ ಕ್ಲಿಕ್ಕಿಸದೆ ಬರ್ಸ್ಟ್ (ಒಂದೇ ಒತ್ತಿಗೆ ಸಾಲಾಗಿ ಹಲವು ಫೋಟೊ) ಬಳಸಿ.

ಹಿನ್ನೆಲೆ ಬಿಳಿ ಆಕಾಶವಾದರೆ ಎಕ್ಸ್‌ಪೋಷರ್ (ಫೋಟೊಗೆ ಸಿಗುವ ಬೆಳಕಿನ ಪ್ರಮಾಣ) +1 ಮಾಡಿ. ಕಡುಹಸಿರು ಎಲೆಗಳ ಮುಂದೆ ಬಿಸಿಲಲ್ಲಿ ಕೂತಿದ್ದರೆ –0.7ಕ್ಕೆ ಇಳಿಸಿ, ಇಲ್ಲವಾದರೆ ಹೊಳೆಯುವ ಗರಿಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಇಟ್ಟುಕೊಂಡರೆ ಸಣ್ಣಪುಟ್ಟ ತಪ್ಪು ಆಮೇಲೆ ತಿದ್ದಬಹುದು.

ಕೊಕ್ಕು ಮಸುಕಾಗುವುದಕ್ಕೆ ಕಾರಣ ಬೇರೆ. ಮೂರು ಮೀಟರ್ ದೂರದಲ್ಲಿ ಲೆನ್ಸ್‌ನ ಕಂಡಿಯನ್ನು (ಅಪರ್ಚರ್) ಎಫ್/5.6ಕ್ಕೆ ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಎರಡು ಸೆಂ.ಮೀ. ಅಷ್ಟೆ. ಹಕ್ಕಿ ನಿಮ್ಮತ್ತ ಮುಖ ಮಾಡಿದ್ದರೆ ಕಣ್ಣು ಸಿಕ್ಕೀತು, ಕೊಕ್ಕಿನ ತುದಿ ಸಿಗದು. ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ, ಅಥವಾ ಕಂಡಿ ಕಿರಿದಾಗುವ ಎಫ್/8ಕ್ಕೆ ಹೋಗಿ. ಫೋಕಸ್ ಬಿಂದು ಒಂದೇ ಇರಲಿ, ಅದೂ ಕಣ್ಣಿನ ಮೇಲೆ. ಹೂವಿಂದ ಹೂವಿಗೆ ಜಿಗಿಯುವಾಗ ಶಟರ್ ವೇಗ 1/1600 ಸೆಕೆಂಡ್ ಬೇಕು. ಕೂತು ಹಾಡುವಾಗ 1/500 ಸಾಕು.

ಅಂದಹಾಗೆ, ಹಾಡುವ ಗಂಡು ಎಲೆಯಿಲ್ಲದ ಒಂದೇ ರೆಂಬೆತುದಿಗೆ ಮತ್ತೆಮತ್ತೆ ಬರುವುದುಂಟು. ಹಿಂದೆ ಓಡುವ ಬದಲು ಆ ತುದಿಗೆ ಮೊದಲೇ ಫೋಕಸ್ ಮಾಡಿ ಅಲುಗದೆ ನಿಲ್ಲಿ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಅಲೆದಾಡುತ್ತದೆ. ಜೋತಾಡುವ ಚೀಲದಂಥ ಗೂಡು ಕಂಡರೆ ಅಲ್ಲಿಂದ ಸರಿದುಬಿಡಿ. ಕಾವು ಕೂರುವುದು ಹೆಣ್ಣೊಂದೇ, ಅದು ಬೆದರಿ ಹಾರಿದರೆ ಮೊಟ್ಟೆ ತಣ್ಣಗಾಗುತ್ತದೆ.

ಇನ್ನು ಆ ಹಳದಿ ಹಕ್ಕಿ. ಬಹುತೇಕ ಅದೂ ನೇರಳೆ ಸೂರಕ್ಕಿಯ ಗಂಡೇ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಗರಿ ಉದುರಿಸಿ ಹೆಣ್ಣಿನಂತೆ ಹಳದಿಯಾಗುತ್ತದೆ, ಗಂಟಲಿಂದ ಹೊಟ್ಟೆವರೆಗೆ ಕಪ್ಪು ಪಟ್ಟೆ ಉಳಿಯುತ್ತದೆ. ಎಳೆಯ ಗಂಡಿಗೂ ಇಂಥದೇ ಪಟ್ಟೆ ಮೂಡುವುದರಿಂದ ರೆಕ್ಕೆ ನೋಡಿ: ಭುಜದ ಬಳಿ ಲೋಹದ ನೀಲಿ ಮಿಂಚಿದರೆ ಬಲಿತದ್ದು, ಬರೀ ಕಂದಾಗಿದ್ದರೆ ಎಳೆಯದು.