ಕೈ ಎತ್ತುವ ಮುನ್ನ, ಕೈ ಹಿಡಿಯುವ ಮುನ್ನ: ಆರೈಕೆ ಪ್ರಶ್ನೋತ್ತರ

ಮನೆಯಲ್ಲಿ, ಆರೈಕೆ ಕೇಂದ್ರಗಳಲ್ಲಿ ಹಿರಿಯರನ್ನೂ ವಿಶೇಷ ಅಗತ್ಯವುಳ್ಳವರನ್ನೂ ನೋಡಿಕೊಳ್ಳುವ ಓದುಗರಿಂದ ಈ ಬಾರಿ ಬಂದ ಪ್ರಶ್ನೆಗಳೆಲ್ಲ ಸಿಟ್ಟು, ಕಿರುಚಾಟ, ಹೊಡೆತಗಳ ಸುತ್ತಲೇ ಇವೆ.

ಪ್ರಶ್ನೆ: ಅತ್ತೆಗೆ 78 ವರ್ಷ, ಮರೆವಿನ ಕಾಯಿಲೆ. ದಿನವಿಡೀ ಸೌಮ್ಯವಾಗಿರುತ್ತಾರೆ. ಸ್ನಾನಕ್ಕೆ ಕರೆದರೆ ಮಾತ್ರ ಕಿರುಚುತ್ತಾರೆ, ಪರಚುತ್ತಾರೆ. ಇಬ್ಬರು ಹಿಡಿದುಕೊಂಡು ಹೇಗೋ ಮುಗಿಸುತ್ತೇವೆ. ಬೇರೆ ದಾರಿ ಇದೆಯೇ?

ಇದೆ. ಆ ಹೊತ್ತನ್ನು ಒಮ್ಮೆ ಅವರ ಕಡೆಯಿಂದ ನೋಡಿ. ಎದುರಿಗಿರುವವರು ಯಾರೆಂದು ಗೊತ್ತಾಗುತ್ತಿಲ್ಲ, ಯಾರೋ ಬಟ್ಟೆ ಬಿಚ್ಚುತ್ತಿದ್ದಾರೆ, ಮೈ ನಡುಗುತ್ತಿದೆ, ಮುಖದ ಮೇಲೆ ದಡಕ್ಕನೆ ನೀರು ಬೀಳುತ್ತಿದೆ. ಪರಚುವುದು ಅವರಿಗೆ ಉಳಿದಿರುವ ಒಂದೇ ಬೇಡ ಎನ್ನುವ ಮಾತು.

ಮೊದಲಿಗೆ, ದಿನವೂ ಪೂರ್ತಿ ಸ್ನಾನ ಆಗಲೇಬೇಕೆಂಬ ಹಟ ಬಿಡಿ. ವಾರಕ್ಕೆ ಎರಡು ಸಲ ಸಾಕು. ಉಳಿದ ದಿನ ಮುಖ, ಕಂಕುಳು, ತೊಡೆಸಂದು, ಪಾದ ಒರೆಸಿದರೆ ಚರ್ಮ ಚೆನ್ನಾಗಿರುತ್ತದೆ. ಸ್ನಾನದ ದಿನ ಸೋಪು, ಬಟ್ಟೆ, ಟವೆಲ್ ಎಲ್ಲವನ್ನೂ ಮೊದಲೇ ಕೈಗೆಟುಕುವಂತೆ ಇಟ್ಟು, ಕೋಣೆಯನ್ನು ಬೆಚ್ಚಗೆ ಮಾಡಿಕೊಂಡು ಆಮೇಲೆ ಕರೆಯಿರಿ. ನೀರು 37–38 ಡಿಗ್ರಿ ಸೆಲ್ಸಿಯಸ್ ಇರಲಿ. ಮೊಣಕೈಗೆ ತಾಕಿಸಿದರೆ ಹಿತವಾಗಿರಬೇಕು. ಬೆನ್ನಿಗೂ ಕೈಗೂ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ, ಭುಜದಿಂದ ಮೊಣಕಾಲಿನವರೆಗೆ ದೊಡ್ಡ ಟವೆಲ್ ಹೊದಿಸಿ. ತೊಳೆಯುವ ಭಾಗದಷ್ಟನ್ನೇ ಸರಿಸಿ, ತೊಳೆದು ಮತ್ತೆ ಮುಚ್ಚಿ. ಪಾದದಿಂದ ಶುರುಮಾಡಿ ಮೇಲೆ ಬನ್ನಿ. ಮುಖ ಕೊನೆಗಿರಲಿ. ತಲೆಸ್ನಾನವನ್ನು ಬೇರೆ ದಿನಕ್ಕೇ ಇಟ್ಟುಕೊಳ್ಳಿ. ಮುಟ್ಟುವ ಮುನ್ನ ಪ್ರತಿ ಸಲವೂ ಹೇಳಿ: ‘ಈಗ ಬಲಗಾಲು.’ ಅವರ ಕೈಗೂ ಒಂದು ಒದ್ದೆ ಬಟ್ಟೆ ಕೊಡಿ, ಎಷ್ಟಾಗುತ್ತದೋ ಅಷ್ಟು ತಾವೇ ಒರೆಸಿಕೊಳ್ಳಲಿ. ಬೇಡವೆಂದರೆ ನಿಲ್ಲಿಸಿ, ಹೊದಿಸಿ, 20 ನಿಮಿಷ ಬಿಟ್ಟು ಬನ್ನಿ. ನೀವು ಮತ್ತೆ ಕೇಳುವಾಗ ಹಿಂದಿನ ಬೇಡ ಅವರಿಗೆ ನೆನಪಿರದೆಯೂ ಇರಬಹುದು. ಹಿಡಿದೆಳೆದಾಗ ಆದ ಭಯ ಮಾತ್ರ, ಘಟನೆ ಮರೆತರೂ ಮೈಯಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ಮಾತು. ತೋಳು ಎತ್ತಿಸಿದಾಗಲೇ ಕಿರುಚುತ್ತಾರೆಂದರೆ ಭುಜದ ನೋವನ್ನು ಅನುಮಾನಿಸಿ. ಸ್ನಾನಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಸ್ವಭಾವ ಎಂದುಕೊಂಡಿದ್ದು ಕೀಲುನೋವಾಗಿರುವುದು ತೀರಾ ಸಾಮಾನ್ಯ.

ಪ್ರಶ್ನೆ: 82 ವರ್ಷದ ತಂದೆ ಮೊನ್ನೆಯಿಂದ ಇದ್ದಕ್ಕಿದ್ದಂತೆ ಬದಲಾಗಿದ್ದಾರೆ. ಹಗಲು ಮಂಪರು, ರಾತ್ರಿ ‘ಕೋಣೆಯಲ್ಲಿ ಯಾರೋ ಇದ್ದಾರೆ’ ಎಂದು ಹೊಡೆಯಲು ಬರುತ್ತಾರೆ. ನಿದ್ರೆ ಮಾತ್ರೆ ಒಂದರ ಬದಲು ಎರಡು ಕೊಡಲೇ?

ಖಂಡಿತ ಬೇಡ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಹೀಗೆ ಬದಲಾದರೆ ಅದು ಬಹುಮಟ್ಟಿಗೆ ಡೆಲಿರಿಯಂ. ದೇಹದ ತೊಂದರೆಯಿಂದ ಮಿದುಳು ತತ್ತರಿಸಿರುವ ಸ್ಥಿತಿ. ನಿದ್ರೆ ಮಾತ್ರೆ ಅದನ್ನು ಹೆಚ್ಚಿಸುತ್ತದೆ, ಜೊತೆಗೆ ಬೀಳುವ ಅಪಾಯ ಬೇರೆ. ಇವತ್ತೇ ವೈದ್ಯರಿಗೆ ತೋರಿಸಿ. ಹೊರಡುವ ಮುನ್ನ ಇಷ್ಟು ಬರೆದುಕೊಳ್ಳಿ: ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ, ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು, ನೀರು ಎಷ್ಟು ಕುಡಿದಿದ್ದಾರೆ, ಎಲ್ಲಾದರೂ ಬಿದ್ದಿದ್ದರೇ, ಹದಿನೈದು ದಿನದಲ್ಲಿ ಹೊಸದಾಗಿ ಶುರುವಾದ ಅಥವಾ ನಿಲ್ಲಿಸಿದ ಔಷಧ ಯಾವುದು. ಶೀತಕ್ಕೆ, ಅಲರ್ಜಿಗೆ ತೆಗೆದುಕೊಂಡ ಮಾತ್ರೆಯನ್ನೂ ಬಿಡಬೇಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಸೋಂಕು ಇರಬಹುದು.

ಮಧುಮೇಹವಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿ. 70 mg/dLಗಿಂತ ಕಡಿಮೆಯಿದ್ದು, ನುಂಗಲು ಆಗುವಂತಿದ್ದರೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ದಿನವೂ ಮದ್ಯ ಕುಡಿಯುತ್ತಿದ್ದವರು ಎರಡು ಮೂರು ದಿನದಿಂದ ಬಿಟ್ಟಿದ್ದು, ಕೈ ನಡುಗಿ ಬೆವರುತ್ತಿದ್ದರೆ ನೇರ ತುರ್ತು ಚಿಕಿತ್ಸೆಗೆ ಒಯ್ಯಿರಿ, ಫಿಟ್ಸ್ ಬರುವ ಸಂಭವವಿದೆ. ತಲೆಗೆ ಪೆಟ್ಟು, ಒಂದು ಬದಿಯ ಶಕ್ತಿಹೀನತೆ, ಮಾತು ತೊದಲುವುದು, ಎಬ್ಬಿಸಿದರೂ ಏಳದಿರುವುದು ಇವಕ್ಕೂ ಅದೇ ದಾರಿ.

ರಾತ್ರಿ ಮಂದ ದೀಪ ಉರಿಯಲಿ. ಕನ್ನಡಕ, ಶ್ರವಣಯಂತ್ರ ಹಾಕಿಸಿ. ‘ಯಾರೂ ಇಲ್ಲ, ಸುಮ್ಮನಿರಿ’ ಎಂದು ವಾದಿಸಬೇಡಿ. ‘ಹೆದರಿಕೆಯಾಯಿತೇ? ನಾನು ಇಲ್ಲೇ ಇದ್ದೇನೆ’ ಎನ್ನಿ.

ಪ್ರಶ್ನೆ: ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಒಬ್ಬರು ಕೈ ಎತ್ತಿಕೊಂಡು ಮೈಮೇಲೆ ಬಂದಾಗ ಏನು ಮಾಡಬೇಕೆಂದೇ ತೋಚುವುದಿಲ್ಲ.

ಕೈ ಎತ್ತುವ ಮುಂಚೆ ಸಿಗುವ ಐದಾರು ನಿಮಿಷವೇ ನಿಮ್ಮ ಅವಕಾಶ. ಅತ್ತಿಂದಿತ್ತ ನಡೆಯುವುದು, ಬಿಗಿದ ಮುಷ್ಟಿ ಮತ್ತು ದವಡೆ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಏರುವ ದನಿ ಅಥವಾ ಥಟ್ಟನೆ ಮೌನ. ಇವುಗಳಲ್ಲಿ ಯಾವುದು ಕಂಡರೂ ಟಿವಿ ಆರಿಸಿ, ಉಳಿದವರನ್ನು ಪಕ್ಕದ ಕೋಣೆಗೆ ಕಳಿಸಿ. ಮಾತಾಡುವವರು ಒಬ್ಬರೇ ಇರಲಿ. ನಾಲ್ಕು ಜನ ನಾಲ್ಕು ಕಡೆಯಿಂದ ಸಮಾಧಾನ ಹೇಳುವುದು ಬೆಂಕಿಗೆ ತುಪ್ಪ ಸುರಿದಂತೆ.

ಎರಡು ತೋಳಿನಳತೆ ದೂರದಲ್ಲಿ, ಎದೆಗೆ ಎದೆ ಕೊಡದೆ ಸ್ವಲ್ಪ ಓರೆಯಾಗಿ ನಿಲ್ಲಿ. ಅಂಗೈ ಬಿಚ್ಚಿ, ಸೊಂಟದ ಎತ್ತರದಲ್ಲಿ ಕಾಣುವಂತಿರಲಿ. ಬಾಗಿಲು ನಿಮಗೆ ಹತ್ತಿರವಿರಲಿ, ಆದರೆ ಅವರಿಗೆ ಅಡ್ಡವಾಗಿ ನಿಲ್ಲಬೇಡಿ. ದಾರಿ ಕಟ್ಟಿದರೆ ಸಿಕ್ಕಿಬಿದ್ದೆನೆಂಬ ಭಯ ಹೊಡೆತವಾಗಿ ಹೊರಬರುತ್ತದೆ. ನಿಮ್ಮ ದನಿ ಅವರದಕ್ಕಿಂತ ತಗ್ಗಿರಲಿ. ಒಂದು ವಾಕ್ಯ, ಐದಾರು ಪದ, ಆಮೇಲೆ ಹತ್ತು ಸೆಕೆಂಡ್ ಮೌನ. ಈ ಹತ್ತು ಸೆಕೆಂಡ್ ಕಾಯಲಾಗದೆ ಇನ್ನೊಂದು ಮಾತು ಸೇರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಕೆರಳಿದ ಮಿದುಳಿಗೆ ಮಾತು ಅರ್ಥವಾಗಲು ಹೊತ್ತು ಬೇಕು.

ಅವರ ದೂರಿನಲ್ಲಿ ನಿಜವಿದ್ದಷ್ಟನ್ನು ಒಪ್ಪಿಕೊಳ್ಳಿ: ‘ಬಹಳ ಹೊತ್ತು ಕಾಯಿಸಿದೆವು. ಬೇಸರವಾಗುವಂಥದ್ದೇ.’ ಆಮೇಲೆ ಎರಡೇ ಆಯ್ಕೆ ಕೊಡಿ: ‘ಇಲ್ಲಿ ಕೂರುತ್ತೀರಾ, ಹೊರಗೆ ಹೋಗೋಣವಾ?’ ‘ಸಮಾಧಾನ ಮಾಡಿಕೊಳ್ಳಿ’, ‘ಯಾಕೆ ಹೀಗಾಡುತ್ತೀರಿ’ ಎರಡೂ ಬೇಡ. ಕೈಯಲ್ಲಿ ಚಾಕುವೋ ಕುರ್ಚಿಯೋ ಇದ್ದರೆ ಕಿತ್ತುಕೊಳ್ಳಲು ಹೋಗಬೇಡಿ, ನಿಮ್ಮ ಕೈಗೆ ಕೊಡಿ ಎಂದೂ ಕೇಳಬೇಡಿ. ಕೆಳಗಿಡಲು ಹೇಳಿ, ಉಳಿದವರೊಂದಿಗೆ ಹೊರಗೆ ಸರಿದು ಸಹಾಯ ಕರೆಯಿರಿ.

ಮಣಿಕಟ್ಟು ಹಿಡಿದರೆ ನೇರ ಜಗ್ಗಬೇಡಿ. ಅವರ ಹೆಬ್ಬೆರಳಿಗೂ ಬೆರಳುಗಳಿಗೂ ನಡುವಿನ ಸಂದಿಯತ್ತ ತಿರುಗಿಸಿ ಜಾರಿಸಿ, ಹಿಡಿತ ಅಲ್ಲೇ ಸಡಿಲ. ಕೂದಲು ಹಿಡಿದರೆ ಎರಡೂ ಕೈಯಿಂದ ಅವರ ಮುಷ್ಟಿಯನ್ನು ನಿಮ್ಮ ತಲೆಗೇ ಒತ್ತಿಕೊಳ್ಳಿ. ಎಳೆತ ನಿಲ್ಲುತ್ತದೆ, ಆಮೇಲೆ ಮೆಲ್ಲನೆ ಮಾತಾಡಿ ಬಿಡಿಸಿ. ಕಚ್ಚಿದರೆ ಕೈಯನ್ನು ಹಿಂದಕ್ಕೆ ಎಳೆದಷ್ಟೂ ಚರ್ಮ ಹರಿಯುತ್ತದೆ. ಎಳೆಯದೆ, ತುಸು ಬಾಯಿಯ ಕಡೆಗೇ ಒತ್ತಿ ಹಿಡಿದರೆ ದವಡೆ ಸಡಿಲವಾಗುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಇವನ್ನೆಲ್ಲ ಓದಿ ಕಲಿಯಲಾಗದು. ಬಲ್ಲವರ ಎದುರು ಸಹೋದ್ಯೋಗಿಗಳೊಡನೆ ಮಾಡಿ ಕೈಗೆ ರೂಢಿಸಬೇಕು.

ಪ್ರಶ್ನೆ: 19 ವರ್ಷದ ಮಗನಿಗೆ ಆಟಿಸಂ. ಕೆರಳಿದಾಗ ಮೂವರು ಸೇರಿ ಬೋರಲು ಮಲಗಿಸಿ ಬೆನ್ನ ಮೇಲೆ ಕೂತು ಹಿಡಿಯುತ್ತಾರೆ. ಇದು ಸರಿಯೇ?

ಇದನ್ನು ಇಂದೇ ನಿಲ್ಲಿಸಿ. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದರೆ ಎದೆ ಹಿಗ್ಗುವುದಿಲ್ಲ, ಹೊಟ್ಟೆ ಒತ್ತಿ ವಪೆ (ಎದೆಗೂ ಹೊಟ್ಟೆಗೂ ನಡುವೆ ಇರುವ, ಉಸಿರೆಳೆಯುವ ಸ್ನಾಯು) ಕೆಳಗಿಳಿಯುವುದಿಲ್ಲ. ಉಸಿರು ಸಾಲದೆ ಕೊಸರಾಡುತ್ತಾನೆ. ಅದನ್ನು ಇನ್ನಷ್ಟು ಸಿಟ್ಟೆಂದು ತಿಳಿದು ಹಿಡಿದವರು ಇನ್ನಷ್ಟು ಒತ್ತುತ್ತಾರೆ. ಹೀಗೆ ನಿಮಿಷಗಳಲ್ಲೇ ಜೀವ ಹೋಗಿರುವುದುಂಟು. ‘ಕೂಗುತ್ತಿದ್ದಾನಲ್ಲ, ಉಸಿರಾಡುತ್ತಿದ್ದಾನೆ’ ಎಂಬ ಧೈರ್ಯ ಸುಳ್ಳು. ಕೂಗುವಷ್ಟು ಗಾಳಿ ಇದ್ದ ಮಾತ್ರಕ್ಕೆ ಬದುಕಲು ಬೇಕಾದಷ್ಟು ಇದೆಯೆಂದಲ್ಲ. ಯಾರಿಗಾದರೂ ಗಂಭೀರ ಗಾಯ ಆಗಿಯೇಬಿಡುವಂತಿದ್ದರೆ ಮಾತ್ರ ಹಿಡಿಯಬೇಕು. ಹಿಡಿಯುವವರು ತರಬೇತಾದವರಾಗಿರಬೇಕು, ಕೆಲವೇ ಕ್ಷಣಗಳಲ್ಲಿ ಬಿಡಬೇಕು, ಒಬ್ಬರ ಕೆಲಸ ಅವನ ಮುಖದ ಬಣ್ಣ ಮತ್ತು ಉಸಿರು ನೋಡುವುದಷ್ಟೇ ಆಗಿರಬೇಕು. ಕುತ್ತಿಗೆ, ಎದೆ, ಬೆನ್ನು, ಹೊಟ್ಟೆಯ ಮೇಲೆ ಭಾರ ಎಂದಿಗೂ ಬೀಳಬಾರದು.

ಅವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಕಡಿಮೆ ಬೆಳಕು, ಕಡಿಮೆ ಸದ್ದು, ಕಡಿಮೆ ಜನ. ಪ್ರಶ್ನೆ ಕೇಳಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ತಲೆ ಚಚ್ಚಿಕೊಂಡರೆ ತಲೆಗೂ ಗೋಡೆಗೂ ನಡುವೆ ದಿಂಬು ಹಿಡಿಯಿರಿ.

ಪ್ರಶ್ನೆ: ಶಾಂತರಾದ ಮೇಲೆ ತಪ್ಪು ತಿಳಿಸಿ ಹೇಳಬೇಕೇ?

ತಕ್ಷಣ ಬೇಡ. ಮೈ ಪೂರ್ತಿ ತಣಿಯಲು ಒಂದೂವರೆ ಗಂಟೆಯೂ ಹಿಡಿಯಬಹುದು. ಆ ನಡುವೆ ‘ಕ್ಷಮೆ ಕೇಳು’ ಎಂದರೆ ಎರಡನೇ ಸಲ ಸಿಡಿಯುತ್ತಾರೆ, ಅದು ಮೊದಲಿಗಿಂತ ಬೇಗ ಬರುತ್ತದೆ. ನೀರು ಕೊಡಿ, ಶೌಚಕ್ಕೆ ಹೋಗಬೇಕೇ ಕೇಳಿ, ಸುಮ್ಮನೆ ಹತ್ತಿರವಿರಿ. ನೀವು ಮಾತ್ರ ಅಂದೇ ಬರೆದಿಡಿ: ಎಷ್ಟು ಗಂಟೆಗೆ ಆಯಿತು, ಅದಕ್ಕೆ ಅರ್ಧ ಗಂಟೆ ಮುಂಚೆ ಏನೇನು ನಡೆಯಿತು, ಯಾರಿದ್ದರು, ಯಾವುದರಿಂದ ತಣಿಯಿತು. ಎರಡು ವಾರ ಬಿಡದೆ ಬರೆದರೆ ‘ಸುಮ್ಮಸುಮ್ಮನೆ ಹೊಡೆಯುತ್ತಾರೆ’ ಎಂದುಕೊಂಡಿದ್ದು ಡೈಪರ್ ಬದಲಿಸುವ ಹೊತ್ತಿಗೋ, ಊಟ ತಡವಾದ ದಿನಕ್ಕೋ, ಒಬ್ಬ ನಿರ್ದಿಷ್ಟ ಸಿಬ್ಬಂದಿಯ ಪಾಳಿಗೋ ಹೊಂದಿಕೊಳ್ಳುವುದು ಕಾಣತೊಡಗುತ್ತದೆ.