ಲೋಕ ಅದಾಲತ್‌ನಲ್ಲಿ ಒಪ್ಪಲೇಬೇಕಾ?

ಪ್ರಶ್ನೆ: ತಾತನ ಕಾಲದ ಜಮೀನಿನಲ್ಲಿ ಪಾಲು ಕೇಳಿ ಅಣ್ಣನ ಮೇಲೆ ದಾವೆ ಹಾಕಿದ್ದೇನೆ. ಕೇಸು ಲೋಕ ಅದಾಲತ್‌ಗೆ ಬಂದಿದೆ. ರಾಜಿಗೆ ಒಪ್ಪಲೇಬೇಕಾ ಮೇಡಂ?
– ಓದುಗರು, ತಿಪಟೂರು

ಉತ್ತರ: ಇಲ್ಲಮ್ಮ. ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಇಲ್ಲದಿದ್ದರೆ ಕೇಸು ಕೋರ್ಟಿಗೇ ವಾಪಸ್ ಹೋಗುತ್ತದೆ. ಒಪ್ಪಿದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಸಿಗುತ್ತದೆ, ಆದರೆ ಮೇಲ್ಮನವಿ ಇಲ್ಲ. ಹಾಗಾಗಿ ಸಹಿಗೆ ಮುಂಚೆ ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬಾವಿ ನೀರು, ಓಡಾಡುವ ದಾರಿ ಎಲ್ಲಾ ಬರೆದಿದೆಯಾ ನೋಡಿ. ವಕೀಲೆಯಾಗಿ ನಾನು ಮೊದಲು ಕೇಳುವುದೇ ದಾರಿ. ಅದನ್ನು ಬಿಟ್ಟರೆ ಜಗಳ ಮತ್ತೆ ಶುರು.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ನಿಮಗೂ ಅಣ್ಣನಷ್ಟೇ ಪಾಲಿದೆ. ‘ಅರಿಶಿನ ಕುಂಕುಮಕ್ಕೆ ಇಷ್ಟು ತಗೋ’ ಅಂದರೆ ಸುಮ್ನೆ ತಲೆಯಾಡಿಸಬೇಡಿ. ವಕೀಲರ ಫೀ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ಕಾನೂನು ನೆರವಿಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ.